ಬೂಟ್ ಆಗದ ಸ್ಪಾರ್ಕ್‌ಸ್ಟೇಷನ್: ಎರರ್‌ಗಳನ್ನು ಮೇಲಿನಿಂದ ಓದಿದ ಒಂದು ಪ್ರಕರಣ

ಯಂತ್ರ ಸ್ಪಾರ್ಕ್‌ಸ್ಟೇಷನ್ 5. ಸನ್ ಮೈಕ್ರೋಸಿಸ್ಟಮ್ಸ್ 1994ರಲ್ಲಿ ತಂದ ವರ್ಕ್‌ಸ್ಟೇಷನ್ ಕಂಪ್ಯೂಟರ್. ಒಳಗೆ 1.05 ಜಿಬಿಯ ಸ್ಕಸಿ (ಡಿಸ್ಕ್, ಸಿಡಿ ಡ್ರೈವ್ ಜೋಡಿಸುವ ಹಳೆಯ ಬಗೆ) ಡಿಸ್ಕ್, ಅದರಲ್ಲಿ 1997ರ ಸೊಲಾರಿಸ್ 2.6 ಅನ್ನೋ ಆಪರೇಟಿಂಗ್ ಸಿಸ್ಟಮ್. ಹಲವು ವರ್ಷ ಯಾರೂ ಮುಟ್ಟದೆ ಕಪಾಟಿನಲ್ಲಿ ಕೂತಿತ್ತು. ಈಗ ದಿಢೀರನೆ ಬೇಕಾಯಿತು, ಯಾಕೆಂದರೆ ಹಳೆಯ ಪ್ರಯೋಗವೊಂದರ ಅಳತೆಗಳೆಲ್ಲ ಅದರ ಡಿಸ್ಕ್‌ನಲ್ಲೇ ಇವೆ. ಬೇರೆಲ್ಲೂ ಪ್ರತಿ ಇಲ್ಲ.

ಅದನ್ನು ನೋಡಿಕೊಳ್ಳುವ ಗೆಳೆಯ ಕರೆಂಟ್ ಕೊಟ್ಟ. ಫ್ಯಾನ್ ತಿರುಗಿತು, ಡಿಸ್ಕ್ ಸದ್ದು ಮಾಡಿತು, ಆಮೇಲೆ ಸ್ಕ್ರೀನ್ ತುಂಬ ಒಂದೇ ಸಾಲು: “ಟೈಮೌಟ್ ವೇಟಿಂಗ್ ಫಾರ್ ಎಆರ್‌ಪಿ/ಆರ್‌ಎಆರ್‌ಪಿ ಪ್ಯಾಕೆಟ್”. ನೆಟ್‌ವರ್ಕ್‌ನಿಂದ ಉತ್ತರ ಬರಲಿಲ್ಲ ಅಂತ ಅರ್ಥ. ಅದರ ಫೋಟೋ ತೆಗೆದು ನನಗೆ ಕಳಿಸಿದ. ಜೊತೆಗೆ ಒಂದು ತೀರ್ಪು: “ನೆಟ್‌ವರ್ಕ್ ಕಾರ್ಡ್ ಹೋಗಿದೆ ಕಣೋ, ಬೇರೆ ಹುಡುಕಬೇಕು.”

ಕಾರ್ಡ್ ಹೋಗಿರಲಿಲ್ಲ. ಕೇಬಲ್, ಸ್ವಿಚ್ ಎರಡೂ ಚೆನ್ನಾಗಿದ್ದವು. ಫೋಟೋದಲ್ಲಿದ್ದ ಸಾಲುಗಳೆಲ್ಲ ನಿಜವೇ, ಆದರೆ ಅವು ಪರಿಣಾಮದ ಸಾಲುಗಳು. ಕಾರಣದ ಸಾಲು ಅವುಗಳಿಗಿಂತ ತುಂಬಾ ಮೇಲಿತ್ತು, ಫೋಟೋ ತೆಗೆಯುವ ಹೊತ್ತಿಗೆ ಸ್ಕ್ರೀನ್ ದಾಟಿ ಹೋಗಿತ್ತು.

ಮೊದಲು ಎಲ್ಲವನ್ನೂ ಹಿಡಿದಿಡುವುದು

ಬೂಟ್ ಮೆಸೇಜ್ ಓದುವವರಿಗೆ ಮೊದಲ ತೊಂದರೆ ಅರ್ಥದ್ದಲ್ಲ, ವೇಗದ್ದು. ಸಾಲುಗಳು ಓಡಿಹೋಗುತ್ತವೆ, ಕೊನೆಗೆ ನಿಂತದ್ದೇ ಕಣ್ಣಿಗೆ ಬೀಳುತ್ತದೆ. ಹಾಗಾಗಿ ನಾನು ಕೇಳಿದ ಮೊದಲ ಕೆಲಸ ರಿಪೇರಿಯದಲ್ಲ. ಕೀಬೋರ್ಡ್ ಕಿತ್ತು ಪಕ್ಕಕ್ಕಿಡು, ಸೀರಿಯಲ್ ಪೋರ್ಟ್ ‘ಎ’ಗೆ ಲ್ಯಾಪ್‌ಟಾಪ್ ಜೋಡಿಸು, ಟರ್ಮಿನಲ್ ಪ್ರೋಗ್ರಾಮ್‌ನಲ್ಲಿ ಲಾಗ್ ಹಾಕಿಕೊಂಡು ಮತ್ತೆ ಆನ್ ಮಾಡು ಅಂದೆ. ಈ ಯಂತ್ರಗಳಿಗೆ ಕೀಬೋರ್ಡ್ ಕಾಣದಿದ್ದರೆ ಮಾತನ್ನೆಲ್ಲ ಸೀರಿಯಲ್ ಪೋರ್ಟ್‌ಗೆ ತಿರುಗಿಸುವ ಅಭ್ಯಾಸ. ವೇಗ 9600, 8 ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್. ಈಗ ಆನ್ ಮಾಡಿದ ಕ್ಷಣದಿಂದ ಒಂದಕ್ಷರವೂ ತಪ್ಪದೆ ಫೈಲ್‌ಗೆ ಇಳಿಯುತ್ತದೆ.

ಮಧ್ಯೆ ಪ್ಲಗ್ ಕಿತ್ತು ಮತ್ತೆ ಹಾಕಿದ್ದಕ್ಕೆ ಗೆಳೆಯ ಹೆದರಿದ್ದ. ಆ ಹಂತದಲ್ಲಿ ಕಿತ್ತರೆ ಏನೂ ಆಗುವುದಿಲ್ಲ. ನೆಟ್‌ವರ್ಕ್‌ಗೆ ಕಾಯುತ್ತಾ ಕೂತ ಯಂತ್ರ ಇನ್ನೂ ಡಿಸ್ಕನ್ನು ಮೌಂಟ್ ಮಾಡಿಯೇ (ಬಳಕೆಗೆ ತೆರೆದೇ) ಇರುವುದಿಲ್ಲ. ಯಾವ ಹಂತದಲ್ಲಿದ್ದೇವೆ ಅಂತ ಗೊತ್ತಿದ್ದರೆ ಸಿಗುವ ಲಾಭಗಳಲ್ಲಿ ಇದೂ ಒಂದು.

ಬ್ಯಾನರ್‌ನಲ್ಲೇ ಇದ್ದ ಉತ್ತರ

ಲಾಗ್‌ನ ಶುರುವಿನ ಸಾಲುಗಳಲ್ಲಿ ಯಂತ್ರದ ಹೆಸರು, ಬೂಟ್ ಪ್ರೋಗ್ರಾಮ್ ಇರುವ ರೋಮ್ ಚಿಪ್‌ನ ಆವೃತ್ತಿ, ಮೆಮೊರಿ ಎಷ್ಟು ಅಂತ ಇತ್ತು. ಆಮೇಲೆ ಸೀರಿಯಲ್ ನಂಬರ್ 16777215. ಈಥರ್ನೆಟ್ ವಿಳಾಸದ (ನೆಟ್‌ವರ್ಕ್‌ನಲ್ಲಿ ಯಂತ್ರದ ಗುರುತು) ಜಾಗದಲ್ಲಿ ಆರು ಜೋಡಿ ‘ಎಫ್‌ಎಫ್’. ಯಂತ್ರದ ಗುರುತಿನ ಸಂಖ್ಯೆಯಾದ ಹೋಸ್ಟ್ ಐಡಿ ಎಂಟು ‘ಎಫ್’. ಅದರ ಕೆಳಗೆ ಒಂಟಿ ಸಾಲು: “ದ ಐಡಿಪ್ರಾಮ್ ಕಂಟೆಂಟ್ಸ್ ಆರ್ ಇನ್ವ್ಯಾಲಿಡ್”, ಅಂದರೆ ಯಂತ್ರದ ಗುರುತು ಇಡುವ ಜಾಗದಲ್ಲಿರುವುದು ಸರಿಯಿಲ್ಲ ಅಂತ.

16777215 ನೋಡಿದ ಕೂಡಲೇ ಇದು ಸೀರಿಯಲ್ ನಂಬರ್ ಅಲ್ಲ ಅಂತ ಗೊತ್ತಾಗಬೇಕು. 24 ಬಿಟ್‌ಗಳೂ ಒಂದಾದರೆ ಬರುವ ಸಂಖ್ಯೆ ಅದು, 2ರ ಘಾತ 24ರಲ್ಲಿ ಒಂದು ಕಮ್ಮಿ. ಅಂದರೆ ಸೀರಿಯಲ್ ನಂಬರ್ ಇರಬೇಕಾದ ಜಾಗದಲ್ಲಿ ಏನೂ ಉಳಿದಿಲ್ಲ, ಬರೀ ಒಂದುಗಳು ಕಾಣುತ್ತಿವೆ. ಮೂರು ಸಾಲಿನಲ್ಲೂ ಅದೇ ಕಥೆ, ಹೆಕ್ಸ್ (ಹದಿನಾರರ ಎಣಿಕೆ) ಬರಹದಲ್ಲಿ ‘ಎಫ್’ ಅಂದರೆ ನಾಲ್ಕು ಬಿಟ್‌ಗಳೂ ಒಂದು.

ಈ ಯಂತ್ರದ ಬೋರ್ಡ್ ಮೇಲೆ ಸಾಕೆಟ್‌ನಲ್ಲಿ ಕೂತ ಎಂ48ಟಿ08 ಅನ್ನೋ ಚಿಪ್ ಇದೆ. ಒಂದೇ ಪ್ಯಾಕೇಜ್‌ನಲ್ಲಿ 8 ಕೆಬಿ ಮೆಮೊರಿ, ಗಡಿಯಾರ, ಮತ್ತೆ ಅವೆರಡನ್ನೂ ಜೀವಂತ ಇಡುವ ಲಿಥಿಯಂ ಬ್ಯಾಟರಿ. ಬೂಟ್ ಸೆಟ್ಟಿಂಗ್‌ಗಳು, ಯಂತ್ರದ ಗುರುತು, ದಿನಾಂಕ ಎಲ್ಲ ಇದರಲ್ಲೇ. ಬ್ಯಾಟರಿ ಒಳಗೇ ಮುಚ್ಚಿಹೋಗಿರುವುದರಿಂದ ಅದೊಂದನ್ನೇ ಸುಲಭವಾಗಿ ಬದಲಿಸಲು ಬರುವುದಿಲ್ಲ. ಸುಮಾರು ಹತ್ತು ವರ್ಷ ಬಾಳುವ ಬ್ಯಾಟರಿ, ಯಂತ್ರದ ವಯಸ್ಸು ಅದರ ಎರಡು ಪಟ್ಟಿಗಿಂತ ಜಾಸ್ತಿ. ಹಾಗಾಗಿ ಬ್ಯಾಟರಿ ಸತ್ತದ್ದರಲ್ಲಿ ಯಾರ ತಪ್ಪೂ ಇಲ್ಲ.

ಇಲ್ಲಿಂದ ನೆಟ್‌ವರ್ಕ್ ಎರರ್‌ಗೆ ದಾರಿ ನೇರ. ಸೀರಿಯಲ್ ಲೈನ್‌ನಲ್ಲಿ ಬ್ರೇಕ್ ಸಂಕೇತ ಕಳಿಸಿ, ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಮ್ ಓಪನ್‌ಬೂಟ್‌ನ ‘ಓಕೆ’ ಪ್ರಾಂಪ್ಟ್‌ಗೆ ಬಂದೆವು. ಕೀಬೋರ್ಡ್ ಇದ್ದಿದ್ದರೆ ಸ್ಟಾಪ್ ಮತ್ತು ‘ಎ’ ಒಟ್ಟಿಗೆ ಒತ್ತಬೇಕಿತ್ತು. ‘ಪ್ರಿಂಟ್‌ಎನ್ವ್’ ಕಮಾಂಡ್ ಪ್ರತಿ ಸೆಟ್ಟಿಂಗ್‌ನ ಈಗಿನ ಮೌಲ್ಯ ತೋರಿಸುತ್ತದೆ. ಅದರಲ್ಲಿ ‘ಡಯಾಗ್-ಸ್ವಿಚ್’ ಮುಂದೆ ‘ಟ್ರೂ’ ಅಂತಿತ್ತು, ‘ಡಯಾಗ್-ಡಿವೈಸ್’ ಮುಂದೆ ‘ನೆಟ್’. ಡಯಾಗ್-ಸ್ವಿಚ್ ಟ್ರೂ ಆದರೆ ಯಂತ್ರ ಎಂದಿನ ಬೂಟ್ ಡಿಸ್ಕನ್ನು ಕೇಳುವುದೇ ಇಲ್ಲ, ಡಯಾಗ್-ಡಿವೈಸ್ ಯಾವುದೋ ಅದರಿಂದ ಬೂಟ್ ಆಗಲು ನೋಡುತ್ತದೆ. ಇಲ್ಲಿ ಅದು ನೆಟ್‌ವರ್ಕ್. ಟೈಮೌಟ್ ಶುರುವಾಗುವ ಮೊದಲೇ “ಬೂಟ್ ಡಿವೈಸ್” ಅಂತ ಒಂದು ಸಾಲಿತ್ತು. ಆ ಉದ್ದದ ಹೆಸರಿನ ಕೊನೆಯಲ್ಲಿ ‘ಎಲ್‌ಇ’ ಇತ್ತು, ಅದು ಈಥರ್ನೆಟ್. ಡಿಸ್ಕ್ ಆಗಿದ್ದರೆ ‘ಎಸ್‌ಡಿ’ ಇರಬೇಕಿತ್ತು. ಡಿಸ್ಕ್‌ನಿಂದ ಏಳಬೇಕಾದ ಯಂತ್ರ ಈಥರ್ನೆಟ್ ಹಿಡಿದಿದೆ ಅಂತ ಆ ಒಂದು ಸಾಲೇ ಹೇಳುತ್ತಿತ್ತು.

ಆರ್‌ಎಆರ್‌ಪಿ ಅಂದರೆ ಯಂತ್ರ ತನ್ನ ಈಥರ್ನೆಟ್ ವಿಳಾಸ ಹೇಳಿ “ನನ್ನ ಐಪಿ ವಿಳಾಸ ಯಾವುದು?” ಅಂತ ನೆಟ್‌ವರ್ಕ್‌ನಲ್ಲಿ ಕೂಗುವುದು. ಉತ್ತರ ಕೊಡುವ ಸರ್ವರ್ ಅಲ್ಲಿರಲಿಲ್ಲ. ಇದ್ದಿದ್ದರೂ ಉಪಯೋಗವಿಲ್ಲ. ಈ ಯಂತ್ರ ಹೇಳುತ್ತಿದ್ದ ಈಥರ್ನೆಟ್ ವಿಳಾಸ ಎಲ್ಲ ‘ಎಫ್’, ಅದು ಯಾರೊಬ್ಬರದೂ ಅಲ್ಲದ ಬ್ರಾಡ್‌ಕಾಸ್ಟ್ ವಿಳಾಸ. ತನ್ನ ಹೆಸರೇ ಮರೆತವನು ಬೀದಿಯಲ್ಲಿ ನಿಂತು “ನಮ್ಮ ಮನೆ ಯಾವುದು” ಅಂತ ಕೇಳಿದರೆ ಯಾರು ತಾನೇ ತೋರಿಸಿಯಾರು!

ಡಯಾಗ್-ಸ್ವಿಚ್ ಅನ್ನು ‘ಫಾಲ್ಸ್’ ಮಾಡಿದೆವು. ಜೊತೆಗೆ ‘ಆಟೋ-ಬೂಟ್’ ಕೂಡ ಫಾಲ್ಸ್, ತಾನೇ ಓಡಬಾರದು ಅಂತ. ಬ್ಯಾಟರಿ ಸತ್ತ ಮೇಲೆ ಬದಲಾವಣೆ ಹೇಗೆ ನಿಲ್ಲುತ್ತದೆ ಅಂತ ಕೇಳಬಹುದು. ಕರೆಂಟ್ ಇರುವವರೆಗೆ ನಿಲ್ಲುತ್ತದೆ. ರಿಸೆಟ್ ಮಾಡಿದರೂ ಉಳಿಯುತ್ತದೆ, ಸ್ವಿಚ್ ಆಫ್ ಮಾಡಿದರೆ ಮಾತ್ರ ಮಾಯ.

ಗುರುತನ್ನು ಮತ್ತೆ ಬರೆಯುವುದು

ಐಡಿಪ್ರಾಮ್ ಅಂದರೆ ಆ ಚಿಪ್‌ನೊಳಗಿನ ಗುರುತಿನ ಭಾಗ. ಮುಖ್ಯವಾದದ್ದು ಅದರ ಮೊದಲ 16 ಬೈಟ್. ಸೊನ್ನೆಯಿಂದ ಎಣಿಸಿದರೆ 0ನೆಯದು ಫಾರ್ಮ್ಯಾಟ್, ಯಾವಾಗಲೂ 1. 1ನೆಯದು ಯಂತ್ರದ ಬಗೆ, ಸ್ಪಾರ್ಕ್‌ಸ್ಟೇಷನ್ 5ಕ್ಕೆ ಹೆಕ್ಸ್ 80. ಆಮೇಲೆ ಆರು ಬೈಟ್ ಈಥರ್ನೆಟ್ ವಿಳಾಸ, ಸನ್ ಯಂತ್ರಗಳಿಗೆ 08:00:20ರಿಂದ ಶುರು. ನಾಲ್ಕು ಬೈಟ್ ತಯಾರಾದ ದಿನಾಂಕ, ಸೊನ್ನೆ ಇಟ್ಟರೂ ನಡೆಯುತ್ತದೆ. ಮೂರು ಬೈಟ್ ಸೀರಿಯಲ್ ನಂಬರ್. ಕೊನೆಯ ಬೈಟ್ ಹಿಂದಿನ ಹದಿನೈದರ ಎಕ್ಸ್‌ಆರ್ (ಬಿಟ್‌ಗಳನ್ನು ಹೋಲಿಸುವ ಲೆಕ್ಕ) ಮೊತ್ತ. ಈ ಕೊನೆಯದು ತಾಳೆಯಾಗದಿದ್ದರೆ ಬರುವುದೇ “ಇನ್ವ್ಯಾಲಿಡ್” ಅನ್ನೋ ಮೆಸೇಜ್. ‘ಎಂಕೆಪಿ’ ಅನ್ನೋ ಕಮಾಂಡ್‌ನಿಂದ ಒಂದೊಂದೇ ಬೈಟ್ ಬರೆಯಬಹುದು.

ಯಂತ್ರದ ಹಳೆಯ ವಿಳಾಸ ಯಾರಿಗೂ ನೆನಪಿರಲಿಲ್ಲ. ಸದ್ಯಕ್ಕೆ ಆ ನೆಟ್‌ವರ್ಕ್‌ನಲ್ಲಿ ಬೇರೆಯವರಿಗೆ ಇಲ್ಲದ ಒಂದು ವಿಳಾಸ ಹಾಕಿ, ಮೊತ್ತ ಲೆಕ್ಕ ಹಾಕಿಸಿ, ರಿಸೆಟ್ ಕೊಟ್ಟೆವು. ಬ್ಯಾನರ್ ತೊಂದರೆಯಿಲ್ಲದೆ ಬಂತು. ‘ಪ್ರೋಬ್-ಸ್ಕಸಿ’ ಹೊಡೆದಾಗ ಟಾರ್ಗೆಟ್ 3ರಲ್ಲಿ ಡಿಸ್ಕ್, 6ರಲ್ಲಿ ಸಿಡಿ ಡ್ರೈವ್, ಎರಡೂ ಉತ್ತರ ಕೊಟ್ಟವು.

ಇಲ್ಲಿ ನಿಂತು ಯೋಚಿಸಬೇಕಿತ್ತು. ಗೆಳೆಯನಿಗೆ ತಡೆಯಲಾಗಲಿಲ್ಲ, ‘ಬೂಟ್ ಡಿಸ್ಕ್’ ಅಂತ ಹೊಡೆದುಬಿಟ್ಟ.

ಯಾರು ಮಾತಾಡುತ್ತಿದ್ದಾರೆ?

ಮುಂದಿನ ಲಾಗ್ ಓದುವ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಈ ಇಡೀ ಪ್ರಕರಣ ಬಿಡಿಸಿದ್ದು ಅದೇ. ಸ್ಕ್ರೀನ್ ಒಂದೇ, ಆದರೆ ಅದರಲ್ಲಿ ಮಾತಾಡುವವರು ಹಲವರು. ಮೊದಲು ಬೋರ್ಡ್‌ನ ಪ್ರಾಮ್ ಚಿಪ್‌ನಲ್ಲಿರುವ ಓಪನ್‌ಬೂಟ್. ಅದು ಡಿಸ್ಕ್‌ನಿಂದ ಬೂಟ್ ಬ್ಲಾಕ್ ಅನ್ನೋ ಚಿಕ್ಕ ಪ್ರೋಗ್ರಾಮ್ ಎತ್ತಿಕೊಳ್ಳುತ್ತದೆ. ಬೂಟ್ ಬ್ಲಾಕ್ ‘ಯುಎಫ್‌ಎಸ್‌ಬೂಟ್’ ಪ್ರೋಗ್ರಾಮ್ ಹುಡುಕುತ್ತದೆ. ಅದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ತರುತ್ತದೆ. ಕರ್ನಲ್ ‘ಇನಿಟ್’ ಶುರು ಮಾಡುತ್ತದೆ, ಇನಿಟ್ ಸ್ಕ್ರಿಪ್ಟ್‌ಗಳನ್ನು ಓಡಿಸುತ್ತದೆ. ಒಬ್ಬೊಬ್ಬರಿಗೆ ಗೊತ್ತಿರುವುದು ಅವರವರ ಪಾಲಿನ ಕೆಲಸ ಮಾತ್ರ.

ಹಾಗಾಗಿ “ಕಾಂಟ್ ಓಪನ್ ಬೂಟ್ ಡಿವೈಸ್” ಅಂದರೆ ಅದು ಓಪನ್‌ಬೂಟ್‌ನ ದೂರು: ಸಾಧನವೇ ಸಿಗಲಿಲ್ಲ. ಕೇಬಲ್, ಐಡಿ, ಡ್ರೈವ್ ನೋಡಿ. “ಲೋಡ್ ಆದ ಫೈಲ್ ಓಡಿಸುವಂಥದ್ದಲ್ಲ” ಅನ್ನೋ ಅರ್ಥದ ಸಾಲು ಬಂದರೆ ಡಿಸ್ಕ್ ಸಿಕ್ಕಿದೆ, ಬೂಟ್ ಬ್ಲಾಕ್ ಕೆಟ್ಟಿದೆ. “ಬೂಟ್‌ಬ್ಲಾಕ್: ಬೂಟ್ ಪ್ರೋಗ್ರಾಮ್ ಸಿಗುತ್ತಿಲ್ಲ” ಅಂದರೆ ಇನ್ನೊಂದು ಮೆಟ್ಟಿಲು ಮುಂದೆ ಬಂದಿದ್ದೀರಿ. “ಕಾಂಟ್ ಮೌಂಟ್ ರೂಟ್” ಅಂದರೆ ಕರ್ನಲ್ ಎದ್ದಿದೆ, ಫೈಲ್ ಸಿಸ್ಟಮ್ ಹಿಡಿಯಲು ಆಗುತ್ತಿಲ್ಲ. ಎಲ್ಲವೂ “ಯಂತ್ರ ಬೂಟ್ ಆಗ್ತಿಲ್ಲ” ಅನ್ನೋ ಒಂದೇ ದೂರಿನ ಹಾಗೆ ಕಾಣುತ್ತವೆ, ಅಲ್ವಾ? ಆದರೆ ಪ್ರತಿಯೊಂದೂ ಅದರ ಹಿಂದಿನ ಹಂತಗಳೆಲ್ಲ ಸರಿಯಾಗಿವೆ ಅಂತ ಸಾಕ್ಷಿ ಹೇಳುತ್ತದೆ. ಕೆಟ್ಟದ್ದು ಯಾವುದು ಅನ್ನುವುದಕ್ಕಿಂತ ಚೆನ್ನಾಗಿರುವುದು ಯಾವುದು ಅನ್ನೋ ಸುದ್ದಿಯೇ ಇವುಗಳಲ್ಲಿ ಜಾಸ್ತಿ.

ಇವತ್ತಿನ ಲಿನಕ್ಸ್‌ನಲ್ಲೂ ಹೆಸರುಗಳು ಬದಲಾಗಿವೆ ಅಷ್ಟೇ. ಫರ್ಮ್‌ವೇರ್, ಗ್ರಬ್, ಕರ್ನಲ್, ಇನಿಟ್‌ರ್ಯಾಮ್‌ಎಫ್‌ಎಸ್, ಸಿಸ್ಟಮ್‌ಡಿ. ಮೌಂಟ್ ಮಾಡಬೇಕಾದ ಡಿಸ್ಕ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಇಲ್ಲದ ಡಿಸ್ಕಿನ ಸಾಲು ಉಳಿದಿದ್ದರೆ ಸಿಸ್ಟಮ್‌ಡಿ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಕೊನೆಯ ಸಾಲು ರೂಟ್ ಪಾಸ್‌ವರ್ಡ್ ಕೇಳುವುದು, ಕಾರಣ ಅದಕ್ಕಿಂತ ಎಷ್ಟೋ ಮೇಲೆ. ಅಲ್ಲಿ ಲಾಗ್ ತೋರಿಸುವ ‘ಜರ್ನಲ್‌ಸಿಟಿಎಲ್’ ಇದೆ, ನಿಧಾನವಾಗಿ ಹಿಂದೆ ಹೋಗಿ ಓದಬಹುದು. ಇಲ್ಲಿ ನಮಗಿದ್ದದ್ದು ಸೀರಿಯಲ್ ಲಾಗ್.

ಗಡಿಯಾರ, ಆಮೇಲೆ ಡಿಸ್ಕ್

ಕರ್ನಲ್‌ನ ಮೊದಲ ಎಚ್ಚರಿಕೆ ದಿನಾಂಕದ ಬಗ್ಗೆ. ಗಡಿಯಾರ ಇರುವುದೂ ಅದೇ ಸತ್ತ ಚಿಪ್‌ನಲ್ಲಿ, ಆದ್ದರಿಂದ ಇದು ಹೊಸ ತೊಂದರೆಯಲ್ಲ, ಹಳೆಯದರ ಇನ್ನೊಂದು ಮುಖ. ದಿನಾಂಕ ಹೊಂದಿಸಿದರೆ ಸಾಕು. ಆದರೆ ಮರೆಯಬಾರದು, ಇಲ್ಲದಿದ್ದರೆ ಮುಂದೆ ಬರೆಯುವ ಫೈಲ್‌ಗಳ ಹೊತ್ತೆಲ್ಲ ಅಡ್ಡಾದಿಡ್ಡಿ.

ಎರಡನೆಯದು ಗಂಭೀರ. ರೂಟ್ ಮತ್ತು ಯುಎಸ್‌ಆರ್ ಸಲೀಸಾಗಿ ಮೌಂಟ್ ಆದವು. ‘ಎಕ್ಸ್‌ಪೋರ್ಟ್ ಹೋಮ್’ ಇರುವ ಸಿ0ಟಿ3ಡಿ0ಎಸ್7 ಪರೀಕ್ಷೆಯಾಗುತ್ತಿದೆ ಅಂತ ಸಾಲು ಬಂತು. ಆ ಹೆಸರನ್ನು ಬಿಡಿಸಿದರೆ ಕಂಟ್ರೋಲರ್ 0, ಟಾರ್ಗೆಟ್ 3, ಡಿಸ್ಕ್ 0, ಸ್ಲೈಸ್ (ಡಿಸ್ಕ್‌ನ ಒಂದು ಪಾಲು) 7. ಅಳತೆಗಳೆಲ್ಲ ಇರುವುದು ಇಲ್ಲೇ. ಕೊನೆಯ ಬಾರಿ ಯಾರೋ ಸರಿಯಾಗಿ ಶಟ್‌ಡೌನ್ ಮಾಡದೆ ಆರಿಸಿದ್ದರಿಂದ ಪರೀಕ್ಷೆ ಬೇಕಾಗಿತ್ತು. ಈ ಡಿಸ್ಕ್‌ನ ಫೈಲ್ ಸಿಸ್ಟಮ್ ಆದ ಯುಎಫ್‌ಎಸ್‌ಗೆ ಲಾಗಿಂಗ್ (ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದು) ಬಂದದ್ದು ಸೊಲಾರಿಸ್ 7ರಲ್ಲಿ. ಅದಕ್ಕೂ ಹಿಂದಿನ ಈ ಯಂತ್ರಕ್ಕೆ ಫೈಲ್ ಸಿಸ್ಟಮ್ ಪರೀಕ್ಷಿಸಿ ರಿಪೇರಿ ಮಾಡುವ ‘ಎಫ್‌ಎಸ್‌ಸಿಕೆ’ಯೇ ಗತಿ.

ಅದರ ನಡುವೆ ಕರ್ನಲ್ ಬಾಯಿ ಹಾಕಿತು. ಎಸ್‌ಡಿ3 (ಅದೇ ಡಿಸ್ಕ್), ಓದುವ ಕಮಾಂಡ್‌ನಲ್ಲಿ ಎರರ್, “ಎರರ್ ಲೆವೆಲ್: ರಿಟ್ರೈಯಬಲ್”. ಕೇಳಿದ ಬ್ಲಾಕ್ 1258640, ತಪ್ಪಿದ ಬ್ಲಾಕ್ 1258643. ಸೆನ್ಸ್ ಕೀ: “ಮೀಡಿಯಾ ಎರರ್”. ಅದೇ ಸಾಲುಗಳು ಮತ್ತೆ ಮತ್ತೆ ಬಂದು ಕೊನೆಯಲ್ಲಿ ಎರರ್ ಲೆವೆಲ್ “ಫೇಟಲ್” ಆಯಿತು. ಅದರ ಕೆಳಗೆ ಎಫ್‌ಎಸ್‌ಸಿಕೆ 49040ನೇ ಬ್ಲಾಕ್ ಓದಲಾಗುತ್ತಿಲ್ಲ ಅಂದಿತು. ಆಮೇಲೆ ಕ್ಯಾಪಿಟಲ್ ಅಕ್ಷರಗಳಲ್ಲಿ “ಎಫ್‌ಎಸ್‌ಸಿಕೆಯನ್ನು ಕೈಯಾರೆ ಓಡಿಸಿ”. ಕೊನೆಗೆ ರೂಟ್ ಪಾಸ್‌ವರ್ಡ್ ಕೇಳುವ ಸಾಲು.

ಈ ಸಲವೂ ಕೊನೆಯ ಸಾಲುಗಳನ್ನಷ್ಟೇ ಓದಿದವರು ಏನು ಮಾಡುತ್ತಾರೆ? ಯಂತ್ರ ಹೇಳಿದ ಹಾಗೆ ಎಫ್‌ಎಸ್‌ಸಿಕೆ ಓಡಿಸಿ, ಪ್ರಶ್ನೆಗಳ ಕಾಟ ತಪ್ಪಲಿ ಅಂತ ಎಲ್ಲದಕ್ಕೂ ಹೌದು ಅನ್ನೋ ‘ವೈ’ ಆಯ್ಕೆ ಕೊಡುತ್ತಾರೆ. ಗೆಳೆಯನ ಬೆರಳೂ ಅಲ್ಲಿಗೇ ಹೋಗಿತ್ತು. ತಡಿ ಅಂದೆ.

ಮೊದಲು ಸೆನ್ಸ್ ಕೀ ನೋಡಬೇಕು, ಅದು ಡ್ರೈವ್ ತಾನೇ ಕೊಟ್ಟ ಹೇಳಿಕೆ. “ಯೂನಿಟ್ ಅಟೆನ್ಷನ್” ಅಂತಿದ್ದರೆ ಈಗಷ್ಟೇ ಆನ್ ಆಗಿದ್ದೇನೆ ಅಂತ ತಿಳಿಸುತ್ತಿದೆ, ತಲೆಕೆಡಿಸಿಕೊಳ್ಳಬೇಕಿಲ್ಲ. “ಅಬಾರ್ಟೆಡ್ ಕಮಾಂಡ್” ಆಗಿದ್ದರೆ ಕೇಬಲ್, ಅದರ ಕೊನೆಗೆ ಹಾಕುವ ಟರ್ಮಿನೇಟರ್ ಮೇಲೆ ಅನುಮಾನ ಪಡಬಹುದು. “ಮೀಡಿಯಾ ಎರರ್” ಅಂದರೆ ತಟ್ಟೆಯ ಮೇಲಿನ ಆ ಜಾಗ ಓದಲು ಆಗುತ್ತಿಲ್ಲ. ಕೇಬಲ್ ಬದಲಿಸಿ ಪ್ರಯೋಜನವಿಲ್ಲ.

ಎರಡನೆಯದು, ಕರ್ನಲ್ ಹೇಳಿದ 1258640 ಮತ್ತು ಎಫ್‌ಎಸ್‌ಸಿಕೆ ಹೇಳಿದ 49040 ಎರಡು ಬೇರೆ ಜಾಗವಾ? ಅಲ್ಲ. ಕರ್ನಲ್ ಡಿಸ್ಕ್‌ನ ಶುರುವಿನಿಂದ ಎಣಿಸುತ್ತದೆ, ಎಫ್‌ಎಸ್‌ಸಿಕೆ ಸ್ಲೈಸ್‌ನ ಶುರುವಿನಿಂದ. ‘ಪಿಆರ್‌ಟಿವಿಟಿಒಸಿ’ ಕಮಾಂಡ್ ಪ್ರಕಾರ ಸ್ಲೈಸ್ 7 ಶುರುವಾಗುವುದು 1209600ನೇ ಸೆಕ್ಟರ್‌ನಲ್ಲಿ (ಸೆಕ್ಟರ್ ಅಂದರೆ 512 ಬೈಟ್‌ನ ತುಂಡು, ಮೇಲಿನ ಎಣಿಕೆಗಳೂ ಅದರದ್ದೇ). 1209600ಕ್ಕೆ 49040 ಕೂಡಿಸಿದರೆ 1258640. ಇಬ್ಬರೂ ಒಂದೇ ಜಾಗದ ಬಗ್ಗೆ ದೂರುತ್ತಿದ್ದಾರೆ. ಕೆಟ್ಟದ್ದು ಒಂದೇ ಒಂದು ಸೆಕ್ಟರ್, ಸ್ಲೈಸ್‌ನೊಳಗೆ 49043.

ಮೂರನೆಯದು ಆ ಸೆಕ್ಟರ್‌ನಲ್ಲಿ ಏನಿತ್ತು ಅನ್ನುವುದು. ಎಫ್‌ಎಸ್‌ಸಿಕೆ ಫೈಲ್‌ಗಳ ಒಳಗಿನ ದತ್ತಾಂಶ ಓದುವುದಿಲ್ಲ. ಐನೋಡ್ (ಪ್ರತಿ ಫೈಲ್‌ನ ವಿವರದ ದಾಖಲೆ), ಡೈರೆಕ್ಟರಿ, ಇಂಡೈರೆಕ್ಟ್ ಬ್ಲಾಕ್ (ಫೈಲ್‌ನ ತುಂಡುಗಳು ಎಲ್ಲಿವೆ ಅನ್ನೋ ಪಟ್ಟಿ) ಇಂಥವನ್ನು ಮಾತ್ರ ಓದುತ್ತದೆ. ಅದು ಎಡವಿದೆ ಅಂದರೆ ಪೆಟ್ಟು ಬಿದ್ದಿರುವುದು ಫೈಲ್ ಸಿಸ್ಟಮ್‌ನ ಲೆಕ್ಕದ ಪುಟಕ್ಕೆ. ಯಾವುದಕ್ಕೂ ಬರೆಯದ ‘ಎನ್’ ಆಯ್ಕೆಯಲ್ಲಿ ಎಫ್‌ಎಸ್‌ಸಿಕೆ ಓಡಿಸಿದೆವು. ಎರಡನೇ ಹಂತದಲ್ಲಿ “ಅನ್‌ಅಲೊಕೇಟೆಡ್” ಅಂತ ನಾಲ್ಕು ಹೆಸರು ಬಂದವು, ತೆಗೆದುಹಾಕಲಾ ಅಂತ ಪ್ರಶ್ನೆಯ ಸಮೇತ. ಐನೋಡ್ ನಂಬರ್‌ಗಳು 12940, 12941, 12942, 12943.

ನಾಲ್ಕು, ಅದೂ ಸಾಲಾಗಿ. ಯುಎಫ್‌ಎಸ್‌ನಲ್ಲಿ ಒಂದು ಐನೋಡ್ 128 ಬೈಟ್. 512 ಬೈಟ್‌ನ ಸೆಕ್ಟರ್‌ಗೆ ಸರಿಯಾಗಿ ನಾಲ್ಕು. 8 ಕೆಬಿ ಬ್ಲಾಕ್‌ಗೆ 64. ಈ ಬ್ಲಾಕ್ 12928ರಿಂದ ಶುರು, ಮೊದಲ ಮೂರು ಸೆಕ್ಟರ್‌ನಲ್ಲಿ ಹನ್ನೆರಡು ಐನೋಡ್ ಮುಗಿದ ಮೇಲೆ ಬರುವುದು 12940. ಕೆಟ್ಟ ಸೆಕ್ಟರ್ ಕೂಡ ಬ್ಲಾಕ್‌ನ ಶುರುವಿನಿಂದ ಮೂರು ದಾಟಿದ ಮೇಲಿನದು, 49040 ಆದ ಮೇಲೆ 49043. ಹೀಗೆ ಡ್ರೈವ್, ಕರ್ನಲ್, ಎಫ್‌ಎಸ್‌ಸಿಕೆ ಮೂವರ ಮಾತೂ ಒಂದೇ ಬಿಂದುವಿಗೆ ಬಂದು ಕೂಡಿತು. ಇಂಥ ತಾಳೆ ಸಿಕ್ಕಾಗ ಸಿಗುವ ಖುಷಿಯೇ ಬೇರೆ.

ಆ ಫೈಲ್‌ಗಳು ನಿಜವಾಗಿ ಅಳಿಸಿಹೋಗಿರಲಿಲ್ಲ. ಸೆಕ್ಟರ್ ಓದಲಾಗದ್ದರಿಂದ ಎಫ್‌ಎಸ್‌ಸಿಕೆ ಅಲ್ಲಿ ಸೊನ್ನೆ ಇದೆ ಅಂದುಕೊಂಡಿತ್ತು. ಸೊನ್ನೆ ಇರುವ ಐನೋಡ್ ಅಂದರೆ ಯಾರೂ ಬಳಸದ ಐನೋಡ್, ಹಾಗಿದ್ದರೆ ಅದರ ಹೆಸರು ಯಾಕೆ ಅಂತ ಅದರ ವಾದ. ‘ವೈ’ ಕೊಟ್ಟಿದ್ದರೆ ನಾಲ್ಕು ಹೆಸರನ್ನೂ ಡೈರೆಕ್ಟರಿಯಿಂದ ಅಳಿಸುತ್ತಿತ್ತು. ನಾಲ್ಕರಲ್ಲಿ ಒಂದು ಡೈರೆಕ್ಟರಿ, ಅಳತೆಗಳ ದೊಡ್ಡ ಗಂಟು ಇದ್ದದ್ದು ಅದರಲ್ಲೇ. ಒಳಗಿನ ಫೈಲ್‌ಗಳೆಲ್ಲ ಹೆಸರು ಕಳೆದುಕೊಂಡು ‘ಲಾಸ್ಟ್+ಫೌಂಡ್’ ಒಳಗೆ ಬರೀ ನಂಬರ್‌ಗಳಾಗಿ ಬಿದ್ದಿರುತ್ತಿದ್ದವು.

ಪ್ರತಿಯ ಮೇಲೆ ರಿಪೇರಿ

ಮುಂದಿನದು ನಿಧಾನದ ಕೆಲಸ. ಯಂತ್ರ ಆರಿಸಿ, ಹೊರಗಿನ ಸ್ಕಸಿ ಡಿಸ್ಕ್ ಒಂದನ್ನು ಐಡಿ 1 ಮಾಡಿ, ಸಾಲಿನ ಕೊನೆಗೆ ಟರ್ಮಿನೇಟರ್ ಹಾಕಿ ಜೋಡಿಸಿದ್ದಾಯಿತು. ಆರಿಸಿದ್ದರಿಂದ ಐಡಿಪ್ರಾಮ್ ಮತ್ತೆ ಖಾಲಿ! ಎಂಕೆಪಿ ಸಾಲುಗಳನ್ನು ಲ್ಯಾಪ್‌ಟಾಪ್‌ನಲ್ಲಿ ಬರೆದಿಟ್ಟಿದ್ದರಿಂದ ಒಂದೊಂದೇ ಸಾಲು ಅಂಟಿಸಿದರಾಯಿತು. ಒಟ್ಟಿಗೆ ಸುರಿದರೆ ಓಪನ್‌ಬೂಟ್ ಅಕ್ಷರ ನುಂಗುತ್ತದೆ.

ಸೊಲಾರಿಸ್ ಸಿಡಿಯಿಂದ ಸಿಂಗಲ್ ಯೂಸರ್‌ನಲ್ಲಿ ಬೂಟ್ ಮಾಡಿದೆವು. ಇದರಿಂದ ಹಳೆಯ ಡಿಸ್ಕ್‌ನ ಯಾವ ಭಾಗವೂ ಮೌಂಟ್ ಆಗುವುದಿಲ್ಲ, ಒಂದು ಬೈಟ್ ಕೂಡ ಬರೆಯುವುದಿಲ್ಲ. ಸನ್ ಯಂತ್ರಗಳು ಸಿಡಿ ಡ್ರೈವ್‌ನಿಂದ 512 ಬೈಟ್ ಬ್ಲಾಕ್ ಕೇಳುತ್ತವೆ. ಸಿಕ್ಕಸಿಕ್ಕ ಡ್ರೈವ್ ಹಾಕಿದರೆ ಇಲ್ಲಿಯೇ ಇನ್ನೊಂದು ಎರರ್ ಸರಣಿ ಶುರುವಾಗುತ್ತದೆ. ಅದೃಷ್ಟಕ್ಕೆ ಇದು ಯಂತ್ರದ ಜೊತೆಗೇ ಬಂದ ಡ್ರೈವ್.

ಪ್ರತಿ ಮಾಡುವ ‘ಡಿಡಿ’ ಕಮಾಂಡ್‌ನಿಂದ ಸ್ಲೈಸ್ 2ನ್ನು, ಅಂದರೆ ಇಡೀ ಡಿಸ್ಕನ್ನು, 64 ಕೆಬಿ ತುಂಡುಗಳಲ್ಲಿ ಪ್ರತಿ ಮಾಡಿದೆವು. ‘ನೋಎರರ್’ ಮತ್ತು ‘ಸಿಂಕ್’ ಎರಡೂ ಆಯ್ಕೆ ಒಟ್ಟಿಗೆ ಬೇಕು. ಮೊದಲನೆಯದು ಎರರ್ ಬಂದರೂ ನಿಲ್ಲಿಸದಿರಲು, ಎರಡನೆಯದು ಓದಲಾಗದ ಜಾಗವನ್ನು ಸೊನ್ನೆಯಿಂದ ತುಂಬಿ ಮುಂದಿನದೆಲ್ಲ ಸರಿಯಾದ ಜಾಗದಲ್ಲೇ ಕೂರಲು. ಎರಡನೆಯದನ್ನು ಬಿಟ್ಟರೆ ಆ ಬಿಂದುವಿನ ನಂತರದ ಎಲ್ಲವೂ ಹಿಂದೆ ಸರಿದು ಪ್ರತಿಯೇ ಕೆಟ್ಟುಹೋಗುತ್ತದೆ.

ಒಂದು ಸೆಕ್ಟರ್ ಕೆಟ್ಟರೆ ಈ ರೀತಿಯಲ್ಲಿ 64 ಕೆಬಿಯ 128 ಸೆಕ್ಟರ್ ಪೂರ್ತಿ ಸೊನ್ನೆಯಾಗುತ್ತದೆ. ಹಾಗಾಗಿ 1258624ರಿಂದ 1258751ರವರೆಗಿನ ತುಂಡನ್ನು ಮಾತ್ರ 512 ಬೈಟ್‌ಗಳ ಲೆಕ್ಕದಲ್ಲಿ ಮತ್ತೆ ಓದಿಸಿ ಅದೇ ಜಾಗಕ್ಕೆ ಬರೆದೆವು. 1258643 ಒಂದು ಬಿಟ್ಟು ಉಳಿದವೆಲ್ಲ ಬಂದವು. ಆ ಒಂದನ್ನು ಬಿಡದೆ ಓದಿಸುತ್ತಾ ಹೋದಾಗ ಒಮ್ಮೆ ಎರರ್ ಇಲ್ಲದೆ ಬಂತು. ಬರಲೇಬೇಕು ಅಂತೇನಿಲ್ಲ. ಬರದಿದ್ದರೆ ನಾಲ್ಕು ಐನೋಡ್‌ಗಳ ಆಸೆ ಬಿಟ್ಟು ಲಾಸ್ಟ್+ಫೌಂಡ್ ಕೆದಕುವುದೇ ದಾರಿಯಾಗಿರುತ್ತಿತ್ತು.

ಪ್ರತಿಯ ಮೇಲೆ ಮೊದಲು ‘ಎನ್’ ಆಯ್ಕೆಯಲ್ಲಿ ಎಫ್‌ಎಸ್‌ಸಿಕೆ. ನಾಲ್ಕು “ಅನ್‌ಅಲೊಕೇಟೆಡ್” ಸಾಲುಗಳು ಇರಲಿಲ್ಲ. ಯಾವ ಡೈರೆಕ್ಟರಿಯಲ್ಲೂ ಹೆಸರಿಲ್ಲದ ಕೆಲವು ಫೈಲ್‌ಗಳು, ಖಾಲಿ ಬ್ಲಾಕ್‌ಗಳ ಲೆಕ್ಕದಲ್ಲಿ ವ್ಯತ್ಯಾಸ, ಅಷ್ಟೇ. ಅರ್ಧದಲ್ಲಿ ಆರಿಸಿದ ಯಂತ್ರದಲ್ಲಿ ಇದು ಮಾಮೂಲು. ಈಗ ‘ವೈ’ ಕೊಡಲು ಯಾವ ಅಳುಕೂ ಇಲ್ಲ, ಕೊಟ್ಟೆವು. ಹಳೆಯ ಡಿಸ್ಕನ್ನು ತೆಗೆದು ಅದರ ಜಾಗದಲ್ಲಿ ಪ್ರತಿಯನ್ನೇ ಐಡಿ 3 ಮಾಡಿ ಕೂರಿಸಿದೆವು.

ಉಳಿದ ಚಿಲ್ಲರೆ

ಇದಾದ ಮೇಲೆ ಬೂಟ್ ಪೂರ್ತಿ ಮುಂದಕ್ಕೆ ಹೋಯಿತು, ಸ್ಕ್ರಿಪ್ಟ್‌ಗಳ ಸರದಿ ಬಂತು. ಅವುಗಳ ದೂರುಗಳು ಸಂಖ್ಯೆಯಲ್ಲಿ ಜಾಸ್ತಿ, ತೂಕದಲ್ಲಿ ಕಮ್ಮಿ. ಬೇರೆ ಯಂತ್ರದ ಫೈಲ್‌ಗಳನ್ನು ನೆಟ್‌ವರ್ಕ್ ಮೂಲಕ ತರುವ ಎನ್‌ಎಫ್‌ಎಸ್ ಮೌಂಟ್ ಒಂದು “ಆರ್‌ಪಿಸಿ: ಟೈಮ್ಡ್ ಔಟ್” ಅನ್ನುತ್ತಾ ಬೂಟನ್ನೇ ತಡೆದು ನಿಲ್ಲಿಸಿತ್ತು. ಇಲ್ಲೂ ಟೈಮೌಟ್ ಅಂತಲೇ ಇದೆ, ಆದರೆ ಇದು ಓಪನ್‌ಬೂಟ್‌ನ ಮಾತಲ್ಲ. ಕರ್ನಲ್ ಎದ್ದ ಎಷ್ಟೋ ಹೊತ್ತಿನ ಮೇಲೆ ಮೌಂಟ್ ಕಮಾಂಡ್ ಆಡಿದ್ದು. ಕಾರಣವೂ ಬೇರೆ: ಮೌಂಟ್‌ಗಳ ಪಟ್ಟಿಯಾದ ವಿಎಫ್‌ಎಸ್‌ಟ್ಯಾಬ್‌ನಲ್ಲಿ ಎಂದೋ ತೆಗೆದುಹಾಕಿದ ಸರ್ವರ್ ಒಂದರ ಹೆಸರಿತ್ತು. ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿದರೆ ಮುಗಿಯಿತು. ಮೇಲ್ ಕಳಿಸುವ ಪ್ರೋಗ್ರಾಮ್ ಸೆಂಡ್‌ಮೇಲ್ ತನ್ನ ಯಂತ್ರದ ಪೂರ್ತಿ ಹೆಸರು ಗೊತ್ತಿಲ್ಲ ಅಂತ ಗೊಣಗಿ ಸ್ವಲ್ಪ ಹೊತ್ತು ಮಲಗಿತು. ಈ ಯಂತ್ರದಿಂದ ಮೇಲ್ ಕಳಿಸಬೇಕಾಗಿಲ್ಲ, ಸುಮ್ನೆ ಬಿಟ್ಟೆವು.

ಅಳತೆಗಳನ್ನು ಓದುವ ಹಳೆಯ ಪ್ರೋಗ್ರಾಮ್ ಮಾತ್ರ ಲೈಸೆನ್ಸ್‌ನಲ್ಲಿ ತಕರಾರು ತೆಗೆಯಿತು: “ಇನ್ವ್ಯಾಲಿಡ್ ಹೋಸ್ಟ್”. ಅದರ ಲೈಸೆನ್ಸ್ ಹೋಸ್ಟ್ ಐಡಿಗೆ ಕಟ್ಟಿದ್ದು, ನಾವು ಕೊಟ್ಟದ್ದು ನಮ್ಮ ಕೈಯಿಂದ ಹಾಕಿದ ನಂಬರ್. ಆದರೆ ಲೈಸೆನ್ಸ್ ಫೈಲ್‌ನ ‘ಸರ್ವರ್’ ಸಾಲಿನಲ್ಲೇ ಅದಕ್ಕೆ ಬೇಕಾದ ಹೋಸ್ಟ್ ಐಡಿ ಬರೆದಿರುತ್ತದೆ. 80ರಿಂದ ಶುರುವಾಗುವ ಎಂಟು ಹೆಕ್ಸ್ ಅಂಕಿ. ಮೊದಲ ಎರಡು ಯಂತ್ರದ ಬಗೆ, ಉಳಿದ ಆರು ಸೀರಿಯಲ್ ನಂಬರ್. ಈಥರ್ನೆಟ್ ವಿಳಾಸವೂ ಡಿಸ್ಕ್‌ನಲ್ಲೇ ಸಿಕ್ಕಿತು. ಸೊಲಾರಿಸ್ ಕರ್ನಲ್ ಪ್ರತಿ ಬೂಟ್‌ನಲ್ಲೂ “ಈಥರ್ನೆಟ್ ಅಡ್ರೆಸ್ =” ಅಂತ ಒಂದು ಸಾಲು ಹೇಳುತ್ತದೆ, ಅದು ವಾರ್ ಡೈರೆಕ್ಟರಿಯ ಎಡಿಎಂ ಒಳಗಿನ ‘ಮೆಸೇಜಸ್’ ಫೈಲ್‌ಗೆ ಹೋಗಿ ಸೇರುತ್ತದೆ. ಹಳೆಯ ಮೆಸೇಜಸ್ ಫೈಲ್‌ನಲ್ಲಿ 8:0:20ರಿಂದ ಶುರುವಾಗುವ ಅದೇ ಸಾಲು ಕೂತಿತ್ತು.

ಚಿಪ್ ಬದಲಿಸುವುದಕ್ಕೆ ಎರಡು ದಾರಿ. ಹೊಸ ಬ್ಯಾಟರಿ ಇರುವ ಅದೇ ಬಗೆಯ ಚಿಪ್ ಹುಡುಕಿ ಸಾಕೆಟ್‌ನಲ್ಲಿ ಕೂರಿಸುವುದು ಒಂದು. ಹಳೆಯದರ ನೆತ್ತಿಯನ್ನು ಹುಷಾರಾಗಿ ಕೊರೆದು, ಒಳಗಿನ ಬ್ಯಾಟರಿಯ ಸಂಪರ್ಕ ಕತ್ತರಿಸಿ, ಹೊರಗೆ ಸಿಆರ್2032 ಸೆಲ್ ಒಂದನ್ನು ಬೆಸುಗೆ ಹಾಕುವುದು ಇನ್ನೊಂದು. ಕೈ ಪಳಗಿದವರು ಎರಡನೆಯದನ್ನೇ ಇಷ್ಟಪಡುತ್ತಾರೆ, ಮುಂದಿನ ಸಲ ಸೆಲ್ ಮಾತ್ರ ಬದಲಿಸಿದರೆ ಸಾಕು ಅಂತ. ನಾವು ಮೊದಲನೆಯದನ್ನು ಆರಿಸಿದೆವು. ಹೊಸ ಚಿಪ್ ಕೂಡ ಖಾಲಿಯಾಗಿಯೇ ಬರುತ್ತದೆ, ಅದನ್ನು ಹಾಕಿದ ಮೇಲೂ ಐಡಿಪ್ರಾಮ್ ಇನ್ವ್ಯಾಲಿಡ್ ಅಂತಲೇ ಸಾಲು ಬರುತ್ತದೆ. ಅದನ್ನು ನೋಡಿ ಹೊಸ ಚಿಪ್ಪೂ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ಸರಿಯಾದ ಹದಿನಾರು ಬೈಟ್ ಬರೆದು, ದಿನಾಂಕ ಹೊಂದಿಸಿ, ಡಯಾಗ್-ಸ್ವಿಚ್ ಫಾಲ್ಸ್ ಮತ್ತು ಆಟೋ-ಬೂಟ್ ಟ್ರೂ ಮಾಡಿ, ಒಮ್ಮೆ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ ನೋಡಿ. ಬರೆದದ್ದು ನಿಂತಿದ್ದರೆ ಚಿಪ್ ಸರಿಯಿದೆ. ನಮ್ಮದರಲ್ಲಿ ನಿಂತಿತ್ತು, ಲೈಸೆನ್ಸ್ ತಕರಾರೂ ಹೋಯಿತು. ಅಳತೆಗಳ ಡೈರೆಕ್ಟರಿಯನ್ನು ಟಾರ್ ಮಾಡಿ (ಒಂದೇ ಫೈಲ್ ಆಗಿ ಕಟ್ಟಿ) ಅವತ್ತೇ ಬೇರೆ ಎರಡು ಯಂತ್ರಗಳಿಗೆ ಸಾಗಿಸಿದ್ದಾಯಿತು.